ಮೂಗೇಟು

ಕಳೆದ ಆಷಾಢದಲ್ಲಿ ಒಂದು ರಾತ್ರಿ ಗಾಳಿಮಳೆಗೆ ಕರೆಂಟು ಹೋಗಿತ್ತು. ಮೇಣದ ಬತ್ತಿ ಹುಡುಕಲು ಎದ್ದವಳು, ನಾನೇ ಅರ್ಧ ತೆರೆದಿಟ್ಟಿದ್ದ ಬೀರುವಿನ ಬಾಗಿಲಿಗೆ ಮುಖ ಕೊಟ್ಟು ಹೊಡೆಸಿಕೊಂಡೆ. ಚರ್ಮ ಹರಿಯಲಿಲ್ಲ, ಒಂದು ಹನಿ ರಕ್ತ ಬರಲಿಲ್ಲ. ನಮ್ಮ ಯಜಮಾನರು ಟಾರ್ಚು ಹಿಡಿದು ನೋಡಿ, "ಏನೂ ಆಗಿಲ್ಲ ಕಣೇ, ಮಲಗು" ಎಂದರು. ಬೆಳಿಗ್ಗೆ ಕನ್ನಡಿ ಬೇರೆಯದನ್ನೇ ಹೇಳಿತು. ಎಡಗಣ್ಣಿನ ಕೆಳಗೆ, ಕೆನ್ನೆಯ ಮೂಳೆಯ ಮೇಲೆ, ನೇರಳೆ ಹಣ್ಣು ಹಿಸುಕಿದಂಥ ಬಣ್ಣ.

ಇಂಥ ಗಾಯಕ್ಕೆ ನಮ್ಮ ಕನ್ನಡದಲ್ಲಿ ಒಂದು ಒಳ್ಳೆಯ ಮಾತಿದೆ, ಮೂಗೇಟು. ಒಮ್ಮೆ ತರಗತಿಯಲ್ಲಿ ಈ ಪದವನ್ನು ಬಿಡಿಸಿ ಹೇಳಿ ಎಂದಾಗ ಒಬ್ಬ ಹುಡುಗಿ ಎದ್ದು ನಿಂತು "ಮೂಗಿಗೆ ಬಿದ್ದ ಏಟು ಮೇಡಂ" ಎಂದಿದ್ದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮೂಗ ಎಂದರೆ ಮಾತು ಬಾರದವನು. ಮಾತಾಡದ ಏಟು, ಹೊರಗೆ ಬಾಯಿ ಬಿಡದೆ ಒಳಗೇ ನೋಯುವ ಏಟು ಮೂಗೇಟು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಆ ದಿನ ಬೋರ್ಡಿನ ಮೇಲೆ ಬರೆದು ಅಳಿಸಿದ ಮಾತು ಇಷ್ಟು ವರ್ಷದ ಮೇಲೆ ನನ್ನ ಮುಖದ ಮೇಲೇ ಬಂದು ಕೂತಿತು.

ಅಂದು ಶಾಲೆಯಲ್ಲಿ ಪರೀಕ್ಷೆ. ರಜೆ ಹಾಕುವಂತಿರಲಿಲ್ಲ. ಸ್ಟಾಫ್ ರೂಮಿನೊಳಗೆ ಕಾಲಿಡುತ್ತಲೇ "ಏನಾಯ್ತು ಮೇಡಂ?" ಎಂದು ನಾಲ್ಕು ಜನ ಕೇಳಿದರು. "ಬೀರು ಬಾಗಿಲು ಹೊಡೀತು" ಎಂದೆ. ಅದು ನೂರಕ್ಕೆ ನೂರು ನಿಜ. ಆದರೆ ನಾನು ಹಾಗೆ ಹೇಳಿದ ಕ್ಷಣ ಕೋಣೆಯಲ್ಲಿ ಒಂದು ಮೌನ ಬಿತ್ತು. ಒಬ್ಬರು ಕೈಯಲ್ಲಿದ್ದ ಉತ್ತರಪತ್ರಿಕೆ ನೋಡತೊಡಗಿದರು. ಇನ್ನೊಬ್ಬರು "ಹುಷಾರಾಗಿರಬೇಕು ಮೇಡಂ" ಎಂದು ಕಿಟಕಿಯ ಕಡೆಗೆ ತಿರುಗಿದರು. ಯಾರೂ ನನ್ನನ್ನು ನಂಬಿರಲಿಲ್ಲ.

ಮೊದಲು ಸಿಟ್ಟು ಬಂತು. ಆಮೇಲೆ ಅರ್ಥವಾಯಿತು. ನಂಬುವುದಾದರೂ ಹೇಗೆ? ಬೀರು ಬಾಗಿಲು, ಬಚ್ಚಲಿನ ಪಾಚಿ, ಮೆಟ್ಟಿಲು, ಕೊಟ್ಟಿಗೆಯ ದನ, ಇವೆಲ್ಲ ನಮ್ಮ ಅಜ್ಜಿಯರ ಕಾಲದಿಂದ ಹೆಂಗಸರು ಹೇಳಿ ಹೇಳಿ ಸವೆಸಿದ ಕಾರಣಗಳು. ನಾನು ಒಂದು ದಿನ ನಿಜವನ್ನೇ ಹೇಳಲು ಹೋದರೆ, ಆ ನಿಜಕ್ಕೆ ಹೊಸ ಮಾತೇ ಉಳಿದಿರಲಿಲ್ಲ.

ಪಾಪ, ನಮ್ಮ ಯಜಮಾನರ ಪಾಡು ಇನ್ನೂ ಕಷ್ಟ. ಅವರು ಮೂವತ್ತು ವರ್ಷದ ಸಂಸಾರದಲ್ಲಿ ನನ್ನ ಮೇಲೆ ಕೈ ಎತ್ತಿದವರಲ್ಲ. ಸಂಜೆ ನನ್ನ ಜೊತೆ ಮಾರ್ಕೆಟ್ಟಿಗೆ ಬಂದರೆ, ವರ್ಷಗಳಿಂದ ಸೊಪ್ಪು ಕೊಡುವ ಹೆಂಗಸು ಅವರನ್ನು ಮೇಲಿಂದ ಕೆಳಗೆ ನೋಡಿ, ಕೊತ್ತಂಬರಿ ಕಟ್ಟನ್ನು ನನ್ನ ಕೈಗೇ ಕೊಟ್ಟಳು, ಅವರು ಹಿಡಿದ ಚೀಲಕ್ಕೆ ಹಾಕಲಿಲ್ಲ. "ನಾನೇ ಹೊಡೆದೆ ಅಂದ್ಕೊಂಡಿದಾಳೆ ಕಣೇ" ಎಂದು ದಾರಿಯುದ್ದಕ್ಕೂ ಗೊಣಗಿದರು. ನನಗೆ ನಗು, ಅವರಿಗೆ ಅವಮಾನ. ಹೊಡೆಯುವವರ ಪಾಪ ಹೊಡೆಯದವರ ತಲೆಗೂ ಒಂದಿಷ್ಟು ಸುತ್ತಿಕೊಳ್ಳುತ್ತದೆ ಎಂದು ಆಗ ಅನ್ನಿಸಿತು.

ಮಾರನೆಯ ದಿನ, ಎಲ್ಲರೂ ತರಗತಿಗೆ ಹೋದ ಮೇಲೆ, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳಾದ ಸಹೋದ್ಯೋಗಿ ಒಬ್ಬಳು ಬಂದು ಪಕ್ಕದಲ್ಲಿ ಕೂತಳು. ಬ್ಯಾಗಿನಿಂದ ಎರಡು ಸಣ್ಣ ಟ್ಯೂಬು ತೆಗೆದಳು. "ಬೇಜಾರು ಮಾಡ್ಕೋಬೇಡಿ ಮೇಡಂ, ಹಚ್ಚಿ ತೋರಿಸ್ಲಾ?" ಎಂದಳು. ನೀಲಿಯ ಮೇಲೆ ಬರಿಯ ಮೈಬಣ್ಣದ ಕ್ರೀಮು ಹಚ್ಚಿದರೆ ಬೂದಿ ಬಳಿದಂತೆ ಕಾಣುತ್ತದಂತೆ. ಮೊದಲು ಕಿತ್ತಳೆ ಬಣ್ಣದ್ದನ್ನು ಉಂಗುರ ಬೆರಳಿನಿಂದ ತಟ್ಟಬೇಕು, ಉಜ್ಜಬಾರದು. ಆಮೇಲೆ ಮೈಬಣ್ಣದ್ದು, ಕೊನೆಗೆ ಸ್ವಲ್ಪ ಪೌಡರು. "ಬೆವರಿದ್ರೆ ಸೆರಗಲ್ಲಿ ಒರೆಸಬೇಡಿ, ಒತ್ತಿ. ವಾರದ ಹೊತ್ತಿಗೆ ಹಸಿರಿಗೆ ತಿರುಗುತ್ತೆ, ಆಗ ಕಿತ್ತಳೆ ಬೇಡ" ಎಂದಳು. ಐದು ನಿಮಿಷದಲ್ಲಿ ನನ್ನ ಕೆನ್ನೆ ಮೊದಲಿನಂತಾಯಿತು.

"ಎಷ್ಟು ಚೆನ್ನಾಗಿ ಕಲಿತಿದೀಯಮ್ಮ" ಎಂದುಬಿಟ್ಟೆ. ಅವಳು ಟ್ಯೂಬಿನ ಮುಚ್ಚಳ ತಿರುಗಿಸುತ್ತಾ ಇದ್ದವಳು ಹಾಗೇ ನಿಂತಳು. ಗಂಟೆ ಹೊಡೆಯಿತು. ಎದ್ದು ಹೋದಳು.

ಆ ದಿನದಿಂದ ನನ್ನ ಕೆನ್ನೆಯ ನೋವಿಗಿಂತ ಆ ಮುಚ್ಚಳ ತಿರುಗಿಸಿದ ಬೆರಳುಗಳೇ ಹೆಚ್ಚು ಕಾಡಿದವು.

ಏಟಿಗೆ ಏನು ಮಾಡಬೇಕು ಎನ್ನುವುದು ಸುಲಭ. ಒಳಗಿನ ಸಣ್ಣ ರಕ್ತನಾಳಗಳು ಒಡೆದು ರಕ್ತ ಚರ್ಮದ ಕೆಳಗೆ ಜಿನುಗುತ್ತದೆ, ಅಷ್ಟೇ. ಮೊದಲ ಒಂದೆರಡು ದಿನ ಐಸನ್ನು ಬಟ್ಟೆಯಲ್ಲಿ ಸುತ್ತಿ, ಹತ್ತು ಹದಿನೈದು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ ಇಡಬೇಕು. ಎರಡು ದಿನ ಕಳೆದ ಮೇಲೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖ. ನಮ್ಮಜ್ಜಿ ಹರಳೆಣ್ಣೆ ಹಾಕಿ ಗಸಗಸ ತಿಕ್ಕುತ್ತಿದ್ದರು. ಅದು ತಪ್ಪು, ತಿಕ್ಕಿದರೆ ಒಳಗೆ ಇನ್ನಷ್ಟು ಜಿನುಗುತ್ತದೆ. ಕೆಂಪು, ನೀಲಿ, ಹಸಿರು, ಹಳದಿ ಎಂದು ಬಣ್ಣ ಬದಲಾಗುವುದು ಹೊರಗೆ ಬಂದ ರಕ್ತವನ್ನು ದೇಹವೇ ಒಡೆದು ಹೀರಿಕೊಳ್ಳುವ ಲಕ್ಷಣ ಎಂದು ನಮ್ಮ ವಿಜ್ಞಾನದ ಮೇಡಂ ಹೇಳಿದರು. ಸುಮಾರು ಎರಡು ವಾರದಲ್ಲಿ ಮಾಯ. ಕಣ್ಣು ಮಂಜಾದರೆ, ತಲೆಗೆ ಪೆಟ್ಟಾಗಿ ವಾಂತಿ ಬಂದರೆ ಕಾಯಬಾರದು. ಏಟೇ ಇಲ್ಲದೆ ಮೈಮೇಲೆ ಅಲ್ಲಲ್ಲಿ ಕಂದುಗಟ್ಟುತ್ತಿದ್ದರೆ, ವಸಡಿನಲ್ಲಿ ರಕ್ತ ಬರುತ್ತಿದ್ದರೆ, ಡಾಕ್ಟರಿಗೆ ತೋರಿಸಲೇಬೇಕು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವ ಹಿರಿಯರಿಗೆ ಸಣ್ಣ ಏಟಿಗೂ ದೊಡ್ಡ ಕಲೆ ಬೀಳುತ್ತದೆ, ಅವರ ಮೇಲೆ ಒಂದು ಕಣ್ಣಿರಲಿ.

ನಮ್ಮಮ್ಮನ ಮದ್ದು ಅರಿಶಿನ ಸುಣ್ಣದ ಪಟ್ಟು. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕುಂಕುಮದಂತೆ ಕೆಂಪಾಗುತ್ತದಲ್ಲ, ಅದನ್ನು ಬೆಚ್ಚಗೆ ಮಾಡಿ ದಪ್ಪಗೆ ಹಚ್ಚುತ್ತಿದ್ದಳು. ಅದು ಏಟನ್ನು ಮುಚ್ಚುವ ಮದ್ದಲ್ಲ, ಬೀದಿಗೆಲ್ಲ ಸಾರುವ ಮದ್ದು. ಬಾವಿಕಟ್ಟೆಗೆ ಹೋದರೆ ಎಲ್ಲರೂ ಕೇಳಲೇಬೇಕು. ಹಾಗಾದರೆ ಆ ಕಾಲವೇ ಚೆನ್ನಾಗಿತ್ತೇ? ಇಲ್ಲ. ಪಕ್ಕದ ಮನೆಯ ಅತ್ತೆ ಕೆಂಪು ಪಟ್ಟು ಹಚ್ಚಿಕೊಂಡೇ ನೀರು ಸೇದುತ್ತಿದ್ದರು, "ಬಚ್ಚಲಲ್ಲಿ ಜಾರಿದೆ" ಎನ್ನುತ್ತಿದ್ದರು, ಸುತ್ತ ನಿಂತವರು "ಅಯ್ಯೋ" ಎನ್ನುತ್ತಿದ್ದರು, ತಂತಮ್ಮ ಕೊಡ ಎತ್ತಿಕೊಂಡು ಹೋಗುತ್ತಿದ್ದರು. ರಾತ್ರಿ ಆ ಮನೆಯಿಂದ ಬಂದ ಸದ್ದು ಎಲ್ಲರೂ ಕೇಳಿದ್ದೇ. ಕಣ್ಣಿಗೆ ಕಂಡ ಮಾತ್ರಕ್ಕೆ ಮಾತು ಹುಟ್ಟುವುದಿಲ್ಲ. ಮುಚ್ಚುವವಳು ಒಬ್ಬಳೇ ಅಲ್ಲ, ನೋಡಿಯೂ ನೋಡದ ನಾವೂ ಅವಳ ಜೊತೆ ಸೇರಿ ಮುಚ್ಚುತ್ತೇವೆ.

ಹಾಗಾದರೆ ಮುಚ್ಚುವುದು ಸುಳ್ಳೇ? ಈ ಪ್ರಶ್ನೆಯನ್ನು ಬಹಳ ದಿನ ತಲೆಯಲ್ಲಿ ತಿರುವಿದೆ. ಎಲ್ಲ ಮುಚ್ಚಿಕೆಯೂ ಸುಳ್ಳಾದರೆ ನಾವು ಉಡುವ ಸೀರೆಯೂ ಸುಳ್ಳೇ. ನನ್ನ ಕೆನ್ನೆ ನನ್ನದು. ದಾರಿಯಲ್ಲಿ ಹೋಗುವವರಿಗೆಲ್ಲ ಅದರ ಕಥೆ ಒಪ್ಪಿಸಬೇಕಾದ ಋಣ ನನಗಿಲ್ಲ. ಬಣ್ಣ ಹಚ್ಚಿಕೊಂಡ ದಿನ ನಾನು ನೆಮ್ಮದಿಯಾಗಿ ಪಾಠ ಮಾಡಿದೆ, ಮಕ್ಕಳು ನನ್ನ ಮುಖ ಬಿಟ್ಟು ಪಾಠ ಕೇಳಿದರು. ಅದರಲ್ಲಿ ತಪ್ಪೇನು?

ಆದರೆ ನನ್ನ ಬದುಕಿನಲ್ಲೇ ಇನ್ನೊಂದು ಮುಚ್ಚಿಕೆ ಇದೆ. ಅದನ್ನು ಹೇಳದೆ ಈ ಮಾತು ಮುಗಿಸುವುದು ನನಗೆ ನ್ಯಾಯವೆನಿಸುವುದಿಲ್ಲ. 1996ರಲ್ಲಿ ನಾನು ಹೊಸ ಟೀಚರು. ಮಗ್ಗಿ ತಪ್ಪಿದ ಒಬ್ಬ ಹುಡುಗಿಗೆ ಬೆತ್ತದಲ್ಲಿ ಮೀನಖಂಡಕ್ಕೆ ಹೊಡೆದೆ. ಆಗ ಅದನ್ನು ಯಾರೂ ತಪ್ಪೆನ್ನುತ್ತಿರಲಿಲ್ಲ, ನನಗೂ ಅನ್ನಿಸಲಿಲ್ಲ. ಎರಡು ದಿನ ಬಿಟ್ಟು ಅವಳ ಅಜ್ಜಿ ದಾರಿಯಲ್ಲಿ ಸಿಕ್ಕಿ, "ಮಗು ಕಲ್ಲಿನ ಮೇಲೆ ಬಿದ್ದು ಕಾಲೆಲ್ಲ ಬಾಸುಂಡೆ ಎದ್ದೈತೆ ಮೇಡಮ್ಮೋರೆ, ಉಪ್ಪಿನ ಶಾಖ ಕೊಟ್ಟಿವ್ನಿ, ಸ್ವಲ್ಪ ಕೂರಿಸಿಕೊಂಡೇ ಪಾಠ ಹೇಳಿ" ಎಂದು ನನ್ನಲ್ಲೇ ಬೇಡಿಕೊಂಡರು. ಕಲ್ಲಿನ ಮೇಲೆ ಬಿದ್ದರೆ ಬಾಸುಂಡೆ ಏಳುವುದಿಲ್ಲ ಎಂದು ಆ ಅಜ್ಜಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು ಎಂದೇ ಈಗ ಅನ್ನಿಸುತ್ತದೆ. ಎಂಟು ವರ್ಷದ ಮಗು ನನ್ನ ಹೆಸರು ಹೇಳದೆ ನನ್ನನ್ನು ಕಾಪಾಡಿತ್ತು. ನಾನು "ಆಗಲಿ ಅಜ್ಜಿ" ಎಂದೆ. ಆ ಎರಡು ಪದ ನಾನು ಆಡಿದ ಅತಿ ದೊಡ್ಡ ಸುಳ್ಳು. ಆಮೇಲೆ ಬೆತ್ತ ಹಿಡಿಯಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿದಾಗ ಸ್ಟಾಫ್ ರೂಮಿನಲ್ಲಿ ಕೆಲವರು "ಇನ್ನು ಮಕ್ಕಳು ಕೈಗೆ ಸಿಗೋಲ್ಲ" ಎಂದು ಕೊರಗಿದರು. ನನಗೆ ಆ ಪುಟ್ಟ ಕಾಲು ಕಣ್ಣ ಮುಂದೆ ಬಂತು.

ಆ ಮಗುವಿನಿಂದ ನನಗೆ ಒಂದು ಅಳತೆ ಸಿಕ್ಕಿತು. ಈ ಮುಚ್ಚಿಕೆ ಯಾರನ್ನು ಕಾಯುತ್ತಿದೆ ಎಂದು ಕೇಳಿಕೊಳ್ಳಬೇಕು. ಏಟು ತಿಂದವಳ ಮಾನವನ್ನು, ಅವಳ ಒಂದು ದಿನದ ನೆಮ್ಮದಿಯನ್ನು ಕಾದರೆ ಅದು ಸೆರಗಿದ್ದಂತೆ, ಇರಲಿ. ಹೊಡೆದ ಕೈಯನ್ನು ಕಾದರೆ ಅದು ಗೋಡೆ. ಗೋಡೆಯ ಹಿಂದೆ ನಾಳೆ ಇನ್ನೊಂದು ಏಟು ಬೀಳುತ್ತದೆ. ತೊಂದರೆಯೆಂದರೆ ಒಂದೇ ಟ್ಯೂಬಿನ ಬಣ್ಣ ಬೆಳಿಗ್ಗೆ ಸೆರಗಾಗಿರುತ್ತದೆ, ಸಂಜೆಯ ಹೊತ್ತಿಗೆ ಗೋಡೆಯಾಗಿರುತ್ತದೆ. ಹಚ್ಚಿಕೊಂಡವಳಿಗೂ ಯಾವಾಗ ಬದಲಾಯಿತೆಂದು ತಿಳಿಯುವುದಿಲ್ಲ.

"ಮನೆ ಮಾತು ಹೊಸಿಲು ದಾಟಬಾರದು" ಎಂದು ನಮ್ಮನ್ನು ಬೆಳೆಸಿದರು. ಆದರೆ ಕಾನೂನು ಹೊಸಿಲು ದಾಟಿ ಒಳಗೆ ಬಂದು ಎಷ್ಟೋ ವರ್ಷವಾಯಿತು. ಗಂಡ ಮತ್ತವನ ಮನೆಯವರ ಕ್ರೌರ್ಯವನ್ನು ಅಪರಾಧವೆಂದು 1983ರಲ್ಲೇ ದಂಡಸಂಹಿತೆಗೆ ಸೇರಿಸಿದರು. 2005ರ ಕೌಟುಂಬಿಕ ಹಿಂಸಾಚಾರ ಕಾಯ್ದೆ 2006ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಆದರೂ 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 18ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ನಮ್ಮ ಸ್ಟಾಫ್ ರೂಮಿನಲ್ಲಿ ಮದುವೆಯಾದ ಹೆಂಗಸರು ಒಂಬತ್ತು ಮಂದಿ. ರಾಜ್ಯದ ಲೆಕ್ಕವನ್ನು ಒಂದು ಕೋಣೆಗೆ ಹಾಕಬಾರದು, ಗೊತ್ತು. ಆದರೂ ಅಂದಿನ ಮೌನ ನೆನಪಾದಾಗಲೆಲ್ಲ ಎಣಿಸುತ್ತೇನೆ.

ಮೂಗೇಟಿಗೆ ಇನ್ನೊಂದು ಗುಣವಿದೆ. ಅದು ತನ್ನ ಸಾಕ್ಷಿಯನ್ನು ತಾನೇ ಅಳಿಸಿಕೊಳ್ಳುತ್ತದೆ. ಎರಡು ವಾರ ಕಳೆದರೆ ಚರ್ಮದ ಮೇಲೆ ಏನೂ ಇಲ್ಲ, "ಯಾವಾಗ ಹೊಡೆದೆ?" ಎಂದು ಕೇಳಿದರೆ ತೋರಿಸಲು ಏನೂ ಉಳಿಯುವುದಿಲ್ಲ. ಅದಕ್ಕೇ ಇಂಥ ಪರಿಸ್ಥಿತಿಯಲ್ಲಿರುವ ತಂಗಿಯರಿಗೆ ನನ್ನದೊಂದು ಮಾತು. ಮುಚ್ಚಿಕೊಳ್ಳಿ, ಬೇಡವೆನ್ನುವುದಿಲ್ಲ. ಮುಚ್ಚುವ ಮೊದಲು ದಿನಾಂಕ ಕಾಣುವಂತೆ ಒಂದು ಫೋಟೊ ತೆಗೆದು, ನಂಬಿಕೆಯವರ ಹತ್ತಿರ ಇಡಿ. ಆಸ್ಪತ್ರೆಗೆ ಹೋದರೆ ಡಾಕ್ಟರ ಮುಂದೆ ಬಾಗಿಲು, ಬಚ್ಚಲು ಎನ್ನಬೇಡಿ, ನಿಜ ಹೇಳಿ ಚೀಟಿಯಲ್ಲಿ ಬರೆಸಿ. ಮಹಿಳೆಯರ ಸಹಾಯವಾಣಿ 181. ಬಾಯಿ ಬಿಡುವ ದಿನ ಇವತ್ತೇ ಆಗಬೇಕೆಂದಿಲ್ಲ, ಆ ದಿನ ಬಂದಾಗ ಕೈ ಬರಿದಾಗಿರಬಾರದು.

ನೋಡುವವರಾದ ನಮಗೂ ಒಂದು ಧರ್ಮವಿದೆ. ಮಗುವಿನ ಮೈಮೇಲೆ ಕಂಡರೆ ಅದು ಹೇಳಲಿ ಎಂದು ಕಾಯುವ ಹಕ್ಕು ದೊಡ್ಡವರಿಗಿಲ್ಲ. ನಾವೇ ಬಾಯಿ ಬಿಡಬೇಕು, 1098ಕ್ಕೆ ತಿಳಿಸಬೇಕು. ದೊಡ್ಡ ಹೆಂಗಸಿನ ವಿಷಯ ಹಾಗಲ್ಲ. ಅವಳ ಏಟನ್ನು ಅವಳಿಗೆ ಮೊದಲೇ ನಾವು ಬಯಲು ಮಾಡಿದರೆ, ರಾತ್ರಿ ಅದರ ಬೆಲೆ ಕೊಡುವವಳು ಅವಳು, ನಾವಲ್ಲ. ಹಾಗೆಂದು ಕಿಟಕಿಯ ಕಡೆಗೆ ತಿರುಗುವುದೂ ಸಲ್ಲ. ಕಂಡಿದ್ದೇನೆ ಎಂದು ಅವಳಿಗೆ ತಿಳಿಯಬೇಕು, ಮುಂದಿನ ಹೆಜ್ಜೆ ಅವಳದಾಗಿರಬೇಕು.

ಟ್ಯೂಬು ವಾಪಸು ಕೊಡುವ ನೆಪದಲ್ಲಿ ಒಂದು ದಿನ ಅವಳ ಪಕ್ಕ ಕೂತೆ. "ನನಗೆ ನಿಜವಾಗಲೂ ಬೀರು ಬಾಗಿಲೇ ಹೊಡೆದದ್ದು ಕಣಮ್ಮ. ನಿನಗೆ ಯಾವತ್ತಾದರೂ ಬೀರು ಅಲ್ಲದೆ ಬೇರೇನಾದರೂ ಹೊಡೆದರೆ, ನಮ್ಮ ಮನೆ ನಿನಗೆ ಗೊತ್ತಲ್ಲ. ಎಷ್ಟು ಹೊತ್ತಾದರೂ ಸರಿ, ಕಾರಣ ಹೇಳಬೇಕಿಲ್ಲ" ಎಂದೆ. ಅವಳು ತಲೆ ತಗ್ಗಿಸಿ "ಹಾಗೇನಿಲ್ಲ ಮೇಡಂ" ಎಂದಳು. ನಾನು ಮತ್ತೆ ಕೇಳಲಿಲ್ಲ. ನನ್ನ ಕೆನ್ನೆ ಹಸಿರಾಯಿತು, ಹಳದಿಯಾಯಿತು, ಮಾಸಿತು. ಶ್ರಾವಣ ಕಳೆಯಿತು.

ಗೌರಿ ಹಬ್ಬದ ಹಿಂದಿನ ಶನಿವಾರ ಬೆಳಗಿನ ಶಾಲೆ ಮುಗಿಸಿ ಮನೆಯಲ್ಲಿ ಅಕ್ಕಿ ಆರಿಸುತ್ತಿದ್ದೆ. ಗೇಟಿನ ಸದ್ದಾಯಿತು. ಅವಳು ಮಗನ ಕೈ ಹಿಡಿದು ನಿಂತಿದ್ದಳು. ಮುಖಕ್ಕೆ ಏನೂ ಹಚ್ಚಿರಲಿಲ್ಲ. "ಅಕ್ಕಾ, ಒಳಗೆ ಬರ್ಲಾ?" ಎಂದಳು. ಅಲ್ಲಿಯವರೆಗೆ ನಾನು ಅವಳಿಗೆ ಮೇಡಂ ಆಗಿದ್ದೆ. ಯಜಮಾನರು ಏನೂ ಕೇಳದೆ ಹುಡುಗನನ್ನು ಕರೆದುಕೊಂಡು ಹಿತ್ತಿಲಿಗೆ ಹೋದರು. ನಾನು ಕಾಫಿಗೆ ಇಟ್ಟೆ.

ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ, ಆಮೇಲೆ ನಡೆದದ್ದನ್ನೂ ಬರೆಯುವುದಿಲ್ಲ. ಅವಳ ಗುರುತು ಸಿಗದಂತೆ ಈ ಪುಟದಲ್ಲಿ ಒಂದೆರಡು ವಿವರಗಳನ್ನು ಬೇಕೆಂದೇ ಬದಲಿಸಿದ್ದೇನೆ. ಅದೂ ಒಂದು ಮುಚ್ಚಿಕೆಯೇ. ಆದರೆ ಅದು ಯಾರನ್ನು ಕಾಯುತ್ತಿದೆ ಎಂದು ನನಗೆ ಗೊತ್ತು.