ಸಹಿ ಯಾರದು, ಋಣ ಯಾರದು?

ನಮ್ಮವ್ವನಿಗೆ ಇವತ್ತಿಗೂ ಸಹಿ ಬರುವುದಿಲ್ಲ. ಹೆಬ್ಬೆಟ್ಟು. ಆ ಹೆಬ್ಬೆಟ್ಟಿನ ಮೇಲ್ಗಡೆ ಏನು ಬರೆದಿತ್ತು ಅಂತ ಅವಳಿಗೆ ಯಾರೂ ಓದಿ ಹೇಳಲಿಲ್ಲ. ಸೊಸೈಟಿಯವರು ಒತ್ತು ಅಂದರು, ಒತ್ತಿದಳು. ಗೌಡರು ಒತ್ತು ಅಂದರು, ಒತ್ತಿದಳು. ನಮ್ಮ ತಾತ ಹಾಗೇ ಒತ್ತಿದ ಒಂದು ಹೆಬ್ಬೆಟ್ಟಿಗೆ ನಮ್ಮಪ್ಪ ಏಳು ವರ್ಷ ಜೀತಕ್ಕಿದ್ದ. ಜೀತ ರದ್ದು ಮಾಡುವ ಕಾನೂನು 1976ರಲ್ಲೇ ಬಂದಿತ್ತು. ನಮ್ಮ ಕೇರಿಗೆ ಆ ಸುದ್ದಿ ನಡೆದು ಬರಲು ಇನ್ನೂ ಹತ್ತು ವರ್ಷ ಹಿಡಿಯಿತು.

ಅಂಥ ಮನೆಯಲ್ಲಿ ಅಕ್ಕ ಡಿ.ಎಡ್. ಮಾಡಿದಳು, ನಾನು ಬಿ.ಎ. ಮಾಡಿದೆ. 2025ರ ಮಾರ್ಚಿಯ ಒಂದು ರಾತ್ರಿ ಅಕ್ಕ ಅಮೆರಿಕದಿಂದ ಫೋನು ಮಾಡಿ, ‘ಲೇ ತಮ್ಮ, ಒಂದು ಕಾಗದಕ್ಕೆ ಸಹಿ ಹಾಕು ಅಂತಾವ್ರೆ. ಹಾಕ್ಲಾ, ಬ್ಯಾಡ್ವಾ?’ ಅಂದಳು. ಅದು ಆದಾಯ ತೆರಿಗೆಯ ಕಾಗದ. ಆಗ ನಾನು ಕೊಟ್ಟ ಉತ್ತರ ತಪ್ಪಾಗಿತ್ತು. ಯಾಕೆ ತಪ್ಪಾಗಿತ್ತು ಅನ್ನುವುದನ್ನು ಗೆಳೆಯರ ಮುಂದೆ ಇಡುವುದಕ್ಕೇ ಈ ಬರಹ.

ಅಕ್ಕನ ಮದುವೆ 2024ರ ಡಿಸೆಂಬರ್ 12ರಂದು ಆಯಿತು. ಧನುರ್ಮಾಸ ಹುಟ್ಟೋದರೊಳಗೆ ಆಗಲಿ ಅನ್ನೋದು ಅವ್ವನ ಹಟ. ಪುರೋಹಿತ ಬೇಡ, ಮಂತ್ರಮಾಂಗಲ್ಯವೇ ಆಗಲಿ ಅನ್ನೋದು ಅಕ್ಕನ ಹಟ. ಎರಡೂ ನಡೆದವು. ಭಾವನೂ ನಮ್ಮಂಥದೇ ಕೇರಿಯಿಂದ ಬಂದವರು. ಹಾಸ್ಟೆಲಿನ ಅನ್ನ ಉಂಡು ಇಂಜಿನಿಯರಿಂಗ್ ಓದಿ, ಎಚ್-1ಬಿ ವೀಸಾದ ಮೇಲೆ ಒಹಾಯೊದಲ್ಲಿ ಕೆಲಸಕ್ಕಿರುವವರು. ಜನವರಿ ಕೊನೆಗೆ ಅಕ್ಕ ಎಚ್-4 ಅನ್ನುವ ವೀಸಾದ ಮೇಲೆ ಅಲ್ಲಿಗೆ ಹೋದಳು. ಎಚ್-4 ಅಂದರೆ ‘ಅವಲಂಬಿತರ’ ವೀಸಾ. ಇರಬಹುದು, ಉಣ್ಣಬಹುದು, ಓದಲೂಬಹುದು, ದುಡಿಯುವಂತಿಲ್ಲ. ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ಮುಟ್ಟಿದರೆ ಹೆಂಡತಿಯೂ ಕೆಲಸಕ್ಕೆ ಅನುಮತಿ ಕೇಳಬಹುದು ಅಂತ 2015ರಲ್ಲಿ ನಿಯಮ ಮಾಡಿದರು. ಭಾವನ ಅರ್ಜಿ ಆ ಹಂತ ಮುಟ್ಟಿರಲಿಲ್ಲ.

ಈಗ ತೆರಿಗೆಯ ಲೆಕ್ಕಕ್ಕೆ ಬರೋಣ. ನಮ್ಮಲ್ಲಿ ತೆರಿಗೆಯ ವರ್ಷ ಏಪ್ರಿಲಿನಿಂದ ಮಾರ್ಚಿಗೆ. ಅಲ್ಲಿ ಜನವರಿಯಿಂದ ಡಿಸೆಂಬರಿಗೆ. ಡಿಸೆಂಬರ್ 31ನೇ ತಾರೀಕು ನೀವು ಮದುವೆಯಾದವರಾಗಿದ್ದರೆ, ಆ ಇಡೀ ವರ್ಷ ಮದುವೆಯಾದವರೇ ಅಂತ ಅಲ್ಲಿಯ ಕಾನೂನು. 2024 ಅಧಿಕ ವರ್ಷ. ಇಪ್ಪತ್ತು ದಿನ ಹೆಂಡತಿಯಾಗಿದ್ದ ಅಕ್ಕ ಮುನ್ನೂರ ಅರವತ್ತಾರು ದಿನದ ಹೆಂಡತಿಯಾಗಿಬಿಟ್ಟಳು! ನಮ್ಮೂರಿನ ಹಿರೀಕರ ಮಾತೂ ಇದೇ ತಾನೆ? ಧಾರೆ ಎರೆದ ಮೇಲೆ ಹೆಣ್ಣಿನ ಹಿಂದಿನದೆಲ್ಲ ಮುಗೀತು ಅಂತಾರಲ್ಲ, ಆ ಮಾತು ಸಮುದ್ರದಾಚೆಯ ಫಾರಮಿನಲ್ಲಿ ಅಚ್ಚಾಗಿದೆ.

ಭಾವನ ಮುಂದೆ ಎರಡು ದಾರಿ ಇದ್ದವು. ಅಕ್ಕನನ್ನು ಬಿಟ್ಟು ‘ಪ್ರತ್ಯೇಕ’ವಾಗಿ ಲೆಕ್ಕ ಸಲ್ಲಿಸುವುದು ಒಂದು, ‘ಜಂಟಿ’ಯಾಗಿ ಸಲ್ಲಿಸುವುದು ಇನ್ನೊಂದು. ವರ್ಷಕ್ಕೆ 90,000 ಡಾಲರ್ ಸಂಬಳದವನ ಲೆಕ್ಕ ಹಾಕಿ ನೋಡಿದೆ. 2024ರ ದರದಲ್ಲಿ ಪ್ರತ್ಯೇಕವಾದರೆ 14,600 ಡಾಲರ್ ಕಳೆದು ಉಳಿದದ್ದಕ್ಕೆ ತೆರಿಗೆ, ಸುಮಾರು 11,640 ಡಾಲರ್. ಜಂಟಿಯಾದರೆ 29,200 ಕಳೆಯಬಹುದು, ದರದ ಮೆಟ್ಟಿಲುಗಳೂ ಅಗಲವಾಗುತ್ತವೆ, ತೆರಿಗೆ ಸುಮಾರು 6,830ಕ್ಕೆ ಇಳಿಯುತ್ತದೆ. ಅಂದರೆ ಅಕ್ಕ ಅನ್ನುವ ಒಂದು ಜೀವ ಆ ಮನೆಯಲ್ಲಿರುವುದರಿಂದ ಉಳಿದದ್ದು 4,800 ಡಾಲರ್. ಅಡುಗೆ ಮಾಡಿದರೆ, ಪಾತ್ರೆ ತೊಳೆದರೆ, ಊರು ನೆನೆದು ಅತ್ತರೆ ಅದಕ್ಕೆ ಯಾವ ಕಾಲಮ್ಮೂ ಇಲ್ಲ. ಗಂಡನ ತೆರಿಗೆಯಲ್ಲಿ ಕಳೆಯುವ ಲೆಕ್ಕವಾಗಿ ಮಾತ್ರ ಅವಳಿಗೆ ಬೆಲೆ ಬಂತು. ಹೆಣ್ಣಿನ ಬೆಲೆಯನ್ನು ವ್ಯವಸ್ಥೆ ಗುರುತಿಸೋದೇ ಇಲ್ಲ ಅಂತ ನಾವು ಭಾಷಣ ಮಾಡುತ್ತೇವೆ. ಗುರುತಿಸುತ್ತದೆ ಗೆಳೆಯರೆ, ಅವಳ ಕೈಗೆ ಸಿಕ್ಕದ ಹಾಗೆ ಗುರುತಿಸುತ್ತದೆ.

ಇದು ಪುಕ್ಕಟೆಯಲ್ಲ. 2024ರಲ್ಲಿ ಅಕ್ಕ ಆ ದೇಶದ ನೆಲವನ್ನೇ ಮೆಟ್ಟಿರಲಿಲ್ಲ. ಆದರೂ ಜಂಟಿಯಾಗಬೇಕಾದರೆ, ‘ಇಡೀ ವರ್ಷ ನನ್ನನ್ನು ಈ ದೇಶದ ನಿವಾಸಿ ಅಂತಲೇ ಎಣಿಸಿ’ ಎಂದು ಇಬ್ಬರೂ ಬರೆದು ಸಹಿ ಹಾಕಬೇಕು. ಹಾಗೆ ಬರೆದುಕೊಟ್ಟ ಮೇಲೆ ಪ್ರಪಂಚದ ಯಾವ ಮೂಲೆಯಲ್ಲಿ ಗಳಿಸಿದ್ದನ್ನೂ ಅಲ್ಲಿ ಹೇಳಬೇಕು. ಅಕ್ಕ ಆ ವರ್ಷ ನಮ್ಮ ಹೋಬಳಿಯ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ತಿಂಗಳಿಗೆ ಹತ್ತು ಸಾವಿರ ಗೌರವಧನ, ಒಂಬತ್ತು ತಿಂಗಳಿಗೆ ತೊಂಬತ್ತು ಸಾವಿರ. ತಾಲ್ಲೂಕಿನ ಬ್ಯಾಂಕಿನಲ್ಲಿ ಅವಳು ಕೂಡಿಟ್ಟ ಎರಡೂಕಾಲು ಲಕ್ಷದ ಠೇವಣಿಗೆ ಬಡ್ಡಿ ಹದಿನೈದು ಸಾವಿರ. ಇಷ್ಟಕ್ಕೆ ನಮ್ಮ ದೇಶದಲ್ಲಿ ಒಂದು ಪೈಸೆ ಆದಾಯ ತೆರಿಗೆ ಇಲ್ಲ. ಅಲ್ಲಿ ಮಾತ್ರ ಅವಳ ಮೊದಲನೇ ರೂಪಾಯಿ ಭಾವನ ಸಂಬಳದ ತುದಿಯಲ್ಲಿ ಹೋಗಿ ಕೂರುತ್ತದೆ; ಅಲ್ಲಿಯ ದರವೇ ಅದಕ್ಕೂ ಬೀಳುತ್ತದೆ. ಇನ್ನೊಂದು ಫಾರಂ ತುಂಬಿದರೆ ಗೌರವಧನಕ್ಕೆ ವಿನಾಯಿತಿ ಕೇಳಬಹುದು. ಆದರೆ ಬಿಡಿ ಅಂತ ಕೇಳಬೇಕಾದರೂ ಮೊದಲು ಇದೆ ಅಂತ ಬರೆಯಬೇಕು.

ನಂಬರಿನ ಕತೆ ಬೇರೆ. ಆ ದೇಶದಲ್ಲಿ ದುಡಿಯುವ ಹಕ್ಕಿದ್ದವರಿಗೆ ಸೋಶಿಯಲ್ ಸೆಕ್ಯುರಿಟಿ ನಂಬರು. ಎಚ್-4ರವರಿಗೆ ಅದು ಸಿಗುವುದಿಲ್ಲ. ಅಂಥವರಿಗೆ ಅಂತಲೇ 1996ರಿಂದ ಐಟಿಐಎನ್ ಅನ್ನುವ ಇನ್ನೊಂದು ನಂಬರು ಇದೆ. ಅದಕ್ಕೂ ಒಂಬತ್ತು ಅಂಕಿ, ಆದರೆ ಶುರುವಾಗುವುದು 9ರಿಂದಲೇ. ಕಂಡ ಕೂಡಲೆ ಇದು ಯಾವ ಕೇರಿಯದು ಅಂತ ತಿಳಿಯಬೇಕಲ್ಲ! ಅದರಿಂದ ಕೆಲಸ ಸಿಗದು, ಅಲ್ಲಿರುವ ಹಕ್ಕೂ ಹುಟ್ಟದು. ತೆರಿಗೆಗೆ ಮಾತ್ರ. ಹೋಟೆಲಿನ ಗೂಡಿನಲ್ಲಿ ನಮಗಾಗಿ ಬೇರೆ ಇಟ್ಟಿದ್ದ ಲೋಟ ನನಗೆ ನೆನಪಾಯಿತು. ಹೋಲಿಕೆ ಪೂರ್ತಿ ಸರಿಯಲ್ಲ, ಗೊತ್ತು. ಲೋಟದ ಹಿಂದೆ ಮೈಲಿಗೆ ಇತ್ತು, ಈ ನಂಬರಿನ ಹಿಂದೆ ಮೈಲಿಗೆ ಇಲ್ಲ. ಆದರೂ ಕಾಸು ಒಂದೇ ಪೆಟ್ಟಿಗೆಗೆ, ಲೋಟ ಮಾತ್ರ ಬೇರೆ ಅನ್ನುವ ಮಾತು ಎರಡಕ್ಕೂ ಒಪ್ಪುತ್ತದೆ.

ಜಂಟಿ ಸಹಿಗೆ ಇನ್ನೂ ಒಂದು ಬಾಲ ಇದೆ. ಲೆಕ್ಕದಲ್ಲಿ ಗಂಡ ತಪ್ಪು ಮಾಡಿದ್ದರೂ ಬಾಕಿಯನ್ನು ಪೂರ್ತಿ ಹೆಂಡತಿಯಿಂದಲೇ ವಸೂಲಿ ಮಾಡಬಹುದು, ಮುಂದೆ ಇಬ್ಬರೂ ಬೇರೆಯಾದರೂ ಸರಿ. ‘ನನಗೆ ಗೊತ್ತಿರಲಿಲ್ಲ’ ಅಂತ ಬೇಡಿಕೊಂಡು ಬಿಡಿಸಿಕೊಳ್ಳುವ ದಾರಿಯನ್ನು 1998ರ ಕಾನೂನು ಅಗಲ ಮಾಡಿದೆ. ಆದರೆ ಗೊತ್ತಿರಲಿಲ್ಲ ಅಂತ ಸಾಬೀತು ಮಾಡಬೇಕಾದವಳು ಅವಳೇ. ತಾತನ ಹೆಬ್ಬೆಟ್ಟಿಗೆ ದುಡಿದ ಅಪ್ಪನ ಮುಖ ನನ್ನ ಕಣ್ಣ ಮುಂದೆ ಬಂತು.

ಭಾವ ಕೆಟ್ಟವರಲ್ಲ. ಅವರು ಅಂದದ್ದು ಇಷ್ಟೆ: ‘ಸಹಿ ಹಾಕು. ನಿನ್ನ ಗೌರವಧನಕ್ಕೆ ಹೆಂಗೂ ವಿನಾಯಿತಿ ಸಿಗುತ್ತೆ. ಬಡ್ಡಿಗೆ ಬೀಳೋದು ಇಪ್ಪತ್ತು ಡಾಲರ್. ಅದನ್ನ ಬರೆಯೋ ತಾಪತ್ರಯ ಯಾಕೆ? ನಮ್ಮ ತಾಲ್ಲೂಕಿನ ಬ್ಯಾಂಕು ಇವರಿಗೇನು ಕಾಣುತ್ತಾ?’

ನಾನೂ ಅದೇ ಹೇಳಿದೆ, ದೊಡ್ಡ ದೊಡ್ಡ ಮಾತು ಸೇರಿಸಿ ಹೇಳಿದೆ. ‘ಅಕ್ಕ, ಬರೀಬೇಡ. ದುಡಿಯೋಕೆ ಬಿಡದ ಪ್ರಭುತ್ವಕ್ಕೆ ನಿನ್ನ ದುಡಿಮೆ ಲೆಕ್ಕ ಕೇಳೋಕೆ ಯಾವ ನೈತಿಕ ಹಕ್ಕಿದೆ? ಪ್ರಾತಿನಿಧ್ಯ ಇಲ್ಲದೆ ತೆರಿಗೆ ಕೊಡಲ್ಲ ಅಂತ 1773ರಲ್ಲಿ ಬಾಸ್ಟನ್ನಿನ ಕಡಲಿಗೆ ಟೀ ಪೆಟ್ಟಿಗೆ ಎಸೆದ ಜನ ಅವರು. ಈಗ ಓಟಿಲ್ಲದ ಲಕ್ಷಾಂತರ ವಲಸಿಗರ ಹತ್ತಿರ ಅದೇ ತೆರಿಗೆ ವಸೂಲಿ ಮಾಡ್ತಾರೆ. ಹಕ್ಕು ಕೊಡದೆ ಕೇಳೋದು ತೆರಿಗೆಯಲ್ಲ, ಬಿಟ್ಟಿ ಚಾಕರಿ’ ಅಂದೆ. ಕವಿತೆ ಬರೆಯುವವನಿಗೆ ಇಂಥ ಮಾತು ಸಲೀಸು.

ಅಕ್ಕ ತುಂಬ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು: ‘ಅದೆಲ್ಲ ಇರ್ಲಿ ಕಣೋ. ನಾನು ಬರೀದೆ ಹೋದ್ರೆ ಏನಾಯ್ತದೆ ಹೇಳು. ಆ ವರ್ಷ ನಾನು ದುಡಿದೇ ಇಲ್ಲ ಅಂತ ಆಯ್ತದೆ. ಅವ್ವ ಅಷ್ಟು ವರ್ಷ ಗೌಡ್ರ ಗದ್ದೇಲಿ ನಾಟಿ ಹಾಕುದ್ಲು, ಯಾವ ಪುಸ್ತಕದಾಗೆ ಬರ್ದಾರೆ? ನನ್ನದೂ ಹಂಗೇ ಆಗ್ಲಾ?’

ನನ್ನ ಬಾಯಿ ಕಟ್ಟಿತು. ಅವಳು ಡಿ.ಎಡ್. ಓದುವಾಗ ಜೊತೆಯ ಹುಡುಗಿಯೊಬ್ಬಳು, ‘ನಮ್ಮಪ್ಪ ಕಟ್ಟೋ ಟ್ಯಾಕ್ಸಿನಾಗೆ ನೀವು ಓದ್ತೀರಿ’ ಅಂದಿದ್ದಳಂತೆ. ಈ ಮಾತನ್ನು ಕೇಳದ ಹಾಸ್ಟೆಲ್ ವಿದ್ಯಾರ್ಥಿ ಯಾರಿದ್ದಾರೆ? ನಮ್ಮವ್ವ ಕೊಂಡ ಸೋಪಿಗೆ, ಟೀಪುಡಿಗೆ ತೆರಿಗೆ ಕಟ್ಟಿದ್ದಾಳೆ. ಮೊದಲು ಮಾರಾಟ ತೆರಿಗೆ ಅಂತ, 2017ರ ಜುಲೈಯಿಂದ ಜಿ.ಎಸ್.ಟಿ. ಅಂತ. ಆದರೆ ಅದಕ್ಕೆ ಅವಳ ಹೆಸರಿನ ರಸೀದಿ ಇಲ್ಲ. ರಸೀದಿ ಇದ್ದವನು ‘ತೆರಿಗೆದಾರ’, ಇಲ್ಲದವಳು ‘ಫಲಾನುಭವಿ’. ಲೆಕ್ಕದ ಪುಸ್ತಕದಿಂದ ಹೊರಗಿರುವುದು ಸ್ವಾತಂತ್ರ್ಯ ಅಂತ ನಾನು ತಿಳಿದಿದ್ದೆ. ತಲೆಮಾರುಗಳಿಂದ ನಮ್ಮನ್ನು ಹೊರಗಿಟ್ಟವರು ಇಟ್ಟದ್ದೂ ಅಲ್ಲೇ ತಾನೆ?

ಬಾಬಾಸಾಹೇಬರು ಈ ವಿಷಯವನ್ನು ನಮಗಿಂತ ಆಳವಾಗಿ ಕಂಡಿದ್ದರು. ಅಮೆರಿಕ ತನ್ನ ಸಂವಿಧಾನಕ್ಕೆ ತಿದ್ದುಪಡಿ ತಂದು ಆದಾಯ ತೆರಿಗೆಗೆ ದಾರಿ ಮಾಡಿಕೊಂಡದ್ದು 1913ರಲ್ಲಿ. ಅದೇ ವರ್ಷ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಅವರ ಗುರು ಸೆಲಿಗ್ಮನ್, ಆದಾಯ ತೆರಿಗೆಯ ಮೇಲೆ ಪುಸ್ತಕವನ್ನೇ ಬರೆದಿದ್ದವರು. 1927ರಲ್ಲಿ ಬೊಂಬಾಯಿ ವಿಧಾನ ಪರಿಷತ್ತಿನ ಬಜೆಟ್ ಚರ್ಚೆಯಲ್ಲಿ ಬಾಬಾಸಾಹೇಬರು ಎತ್ತಿದ್ದು ಇದೇ ನ್ಯಾಯದ ಪ್ರಶ್ನೆ: ಆದಾಯ ತೆರಿಗೆ ಗಳಿಸದವನನ್ನು ಕೇಳುವುದಿಲ್ಲ, ಭೂಕಂದಾಯ ಮಾತ್ರ ಬೆಳೆ ಬಂದರೂ ಬಾರದಿದ್ದರೂ ಬಡ ರೈತನ ಕುತ್ತಿಗೆಗೆ ಬೀಳುತ್ತದೆ, ಇದು ಯಾವ ನ್ಯಾಯ? ತೆರಿಗೆಯೇ ಬೇಡ ಅನ್ನುವುದು ಅವರ ವಾದವಾಗಿರಲಿಲ್ಲ. ಶಕ್ತಿ ನೋಡಿ ಕೇಳಿ ಅನ್ನುವುದು ವಾದ. ಯಾವ ಕುಲ ಅಂತ ಕೇಳದೆ, ಎಷ್ಟು ಗಳಿಸಿದೆ ಅಂತ ಮಾತ್ರ ಕೇಳುವ ಪ್ರಶ್ನೆ ನಮ್ಮಂಥವರಿಗೆ ಸಣ್ಣದಲ್ಲ.

ಹಾಗಾದರೆ ನನ್ನ ಸಿಟ್ಟೆಲ್ಲ ಸುಳ್ಳೆ? ಅಲ್ಲ. ಹೊಣೆ ಗಡಿ ದಾಟುತ್ತದೆ, ಹಕ್ಕು ದಾಟುವುದಿಲ್ಲ. ಇದು ಸಮುದ್ರದಾಚೆಯ ಮಾತು ಮಾತ್ರ ಅಲ್ಲ. ನಮ್ಮ ಹೆಣ್ಣುಮಗಳು ಆನೇಕಲ್ಲಿನಿಂದ ಪಕ್ಕದ ಹೊಸೂರಿಗೆ ಮದುವೆಯಾಗಿ ಹೋದರೂ ಇದೇ ಕತೆ. ಹುಟ್ಟಿದ ರಾಜ್ಯದಲ್ಲಿ ಪರಿಶಿಷ್ಟ ಜಾತಿ ಅನ್ನಿಸಿಕೊಂಡವರು ಬೇರೆ ರಾಜ್ಯಕ್ಕೆ ವಲಸೆ ಹೋದರೆ ಆ ರಾಜ್ಯದ ಮೀಸಲಾತಿ ಅವರಿಗೆ ಸಿಗದು ಅಂತ ಸುಪ್ರೀಂ ಕೋರ್ಟು 1990ರಲ್ಲಿ ತೀರ್ಪು ಕೊಟ್ಟಿತು. ಅದೇ ಜಾತಿ ಆ ರಾಜ್ಯದ ಪಟ್ಟಿಯಲ್ಲಿದ್ದರೂ ಅಷ್ಟೆ. ಅವಮಾನಕ್ಕೆ ಮಾತ್ರ ಯಾವ ಗಡಿಯೂ ಇಲ್ಲ, ಅದು ಅವಳಿಗಿಂತ ಮುಂಚೆಯೇ ಹೋಗಿ ಬಾಗಿಲಲ್ಲಿ ಕೂತಿರುತ್ತದೆ.

ಆದ್ದರಿಂದ ಈಗ ನನಗೆ ತೋಚುವುದು ಹೀಗೆ. ಪಡೆದದ್ದಕ್ಕೆ ಕೊಡುವುದು ಋಣ. ಪಡೆಯದೆ ಕೊಡುವುದು ಬಿಟ್ಟಿ. ಅಕ್ಕನ ಮುಂದಿದ್ದ ಕಾಗದದಲ್ಲಿ ಎರಡೂ ಕಲಸಿಹೋಗಿದ್ದವು. ರಸ್ತೆ, ನೀರು, ಶಾಲೆ, ಇವುಗಳಿಗೆ ಅಲ್ಲಿ ಬಾಳುವವರೆಲ್ಲ ಋಣಿಗಳು. ದುಡಿಯುವ ಹಕ್ಕು ಕಿತ್ತುಕೊಂಡದ್ದು ಅನ್ಯಾಯ. ಆದರೆ ಅನ್ಯಾಯಕ್ಕೆ ಸುಳ್ಳು ಉತ್ತರವಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಸುಳ್ಳು ಅಲ್ಲಿಯ ಸರ್ಕಾರಕ್ಕೆ ಮಾಡುತ್ತಿದ್ದ ನಷ್ಟ ಇಪ್ಪತ್ತು ಡಾಲರು. ಅಕ್ಕನಿಗೆ ಮಾಡುತ್ತಿದ್ದ ನಷ್ಟ ಅವಳ ಒಂದು ವರ್ಷದ ದುಡಿಮೆ. ಇದನ್ನು ನಾನು ತೂಗಿ ನೋಡಿರಲಿಲ್ಲ. ಗಂಡಸು ನಾನು, ಪ್ರಭುತ್ವದ ವಿರುದ್ಧ ನನ್ನ ಕ್ರಾಂತಿಯನ್ನು ಅಕ್ಕನ ದುಡಿಮೆಯನ್ನು ಅಳಿಸಿ ಮಾಡಲು ಹೊರಟಿದ್ದೆ.

ಅಕ್ಕ ಮೂರು ವಾರ ಸಹಿ ಹಾಕಲಿಲ್ಲ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲು ಓದಿದಳು. ಭಾವನ ಸಂಬಳದ ಚೀಟಿಯನ್ನೂ ಕೇಳಿ ಓದಿದಳು. ನನ್ನ ಮೇಲೂ ಬರುವ ಹೊಣೆ ಅಂದಮೇಲೆ ನಾನೂ ನೋಡಬೇಕು ಅಂದಳಂತೆ. ಭಾವ ಮೊದಲು ಮುಖ ಸಣ್ಣ ಮಾಡಿಕೊಂಡರು, ಆಮೇಲೆ ಜೊತೆಗೆ ಕೂತರು. ಗೌರವಧನ ಬರೆದಳು, ವಿನಾಯಿತಿ ಕೇಳಿದಳು, ಬಡ್ಡಿ ಬರೆದಳು. ಉಳಿದ ದುಡ್ಡು ಇಬ್ಬರ ಹೆಸರಿನ ಖಾತೆಗೆ ಬರಲಿ ಅಂದಳು. ಭಾವ ಒಪ್ಪಿದರು.

ಆ ಫಾರಮಿನಲ್ಲಿ ಸಹಿಯ ಪಕ್ಕ ಸಂಗಾತಿಯ ಉದ್ಯೋಗ ಅಂತ ಒಂದು ಸಣ್ಣ ಚೌಕ ಇದೆ. ಲೆಕ್ಕ ಬರೆಯುವವರು ಅಲ್ಲಿ ‘ಗೃಹಿಣಿ’ ಅಂತ ಹಾಕಿದ್ದರು. ಅಕ್ಕ ತೆಗೆಸಿದಳು. ‘ಇದು 2024ರ ಲೆಕ್ಕ ತಾನೆ? ಇಡೀ ವರ್ಷ ಹೆಂಡ್ತಿ ಅಂತ ನೀವೇ ಬರ್ಕೊಂಡ್ರಿ. 2024ರಾಗೆ ನಾನು ಟೀಚರ್ರು’ ಅಂದಳು. ‘ಶಿಕ್ಷಕಿ’ ಅಂತ ಬರೆಸಿ, ಏಪ್ರಿಲ್ 15ರ ಗಡುವಿಗೆ ನಾಲ್ಕು ದಿನ ಮುಂಚೆ ಸಹಿ ಹಾಕಿದಳು.

ಇದರಿಂದ ಲೋಕ ಬದಲಾಗಲಿಲ್ಲ. ಅವಳಿಗೆ ದುಡಿಯುವ ಹಕ್ಕು ಸಿಗಲಿಲ್ಲ. ನಂಬರು 9ರಿಂದಲೇ ಶುರುವಾಗುತ್ತದೆ. ಆದರೆ ನಮ್ಮ ಮನೆತನದಲ್ಲಿ ಓದಿ, ತಿಳಿದು, ತಕರಾರು ಮಾಡಿ ಹಾಕಿದ ಮೊದಲ ಸಹಿ ಅದು. ನಾನು ಬ್ಯಾಂಕಿನಲ್ಲಿ, ಕಾಲೇಜಿನಲ್ಲಿ, ಹಾಸ್ಟೆಲಿನಲ್ಲಿ ಇದುವರೆಗೆ ಹಾಕಿದ ಸಹಿಗಳಲ್ಲಿ ಓದಿ ಹಾಕಿದ್ದು ಎಷ್ಟು ಅಂತ ಎಣಿಸಲು ಕೂತೆ. ನಾಚಿಕೆಯಾಯಿತು. ಓದದೆ ಹಾಕಿದ ಸಹಿಗೂ ಅವ್ವನ ಹೆಬ್ಬೆಟ್ಟಿಗೂ ಏನು ವ್ಯತ್ಯಾಸ? ಅವ್ವನಿಗೆ ಓದಲು ಬರುತ್ತಿರಲಿಲ್ಲ, ನನಗೆ ಬರುತ್ತದೆ, ಅಷ್ಟೆ.

ಹಳ್ಳಿಗಳಲ್ಲಿ ಪಾಠ ಹೇಳುವ ಗೆಳೆಯರಲ್ಲಿ ಒಂದು ಮಾತು. ಬಡ್ಡಿ ಲೆಕ್ಕ ಕಲಿಸುವ ದಿನ ಒಂದು ಬ್ಯಾಂಕಿನ ಅರ್ಜಿ, ಒಂದು ಪಹಣಿ, ಒಂದು ಸಾಲಪತ್ರ ತಂದು ಹುಡುಗ ಹುಡುಗಿಯರ ಕೈಗೆ ಕೊಡಿ. ಸಹಿಯ ಜಾಗಕ್ಕೆ ಬರುವ ಮುಂಚೆ ಮೇಲಿನ ಸಾಲುಗಳನ್ನೆಲ್ಲ ಗಟ್ಟಿಯಾಗಿ ಓದಿಸಿ. ನಾಳೆ ಅವರು ಯಾವ ಗಡಿ ದಾಟುತ್ತಾರೋ, ಯಾರು ಯಾವ ಕಾಗದ ಮುಂದೆ ಚಾಚುತ್ತಾರೋ ನಮಗೆ ಗೊತ್ತಿಲ್ಲ.