ಬೆನ್ನಿಗೆ ಮಣ್ಣು ತಾಗದವರು

ಅಣ್ಣನ ಮಗ ರಜೆಗೆಂದು ಕೃಷ್ಣರಾಜನಗರಕ್ಕೆ ಬಂದಾಗ ಬ್ಯಾಗಿನಲ್ಲಿ ಒಂದು ನೋಟ್‌ಬುಕ್ ಇತ್ತು. ತೆರೆದು ನೋಡಿದರೆ ಬರೀ ಗೀಟು, ಅಂಕಿ, ಅಲ್ಲಲ್ಲಿ ಪ್ರಶ್ನಾರ್ಥಕ ಚಿಹ್ನೆ. ಪರೀಕ್ಷೆಗೆ ಓದುತ್ತಿದ್ದಾನೆಂದು ನಾನು ಸಂತೋಷಪಟ್ಟಿದ್ದೇ ಬಂತು. 'ಹಾಜಿಮೆ ನೊ ಇಪ್ಪೊ' ಅಂತ ಜಪಾನಿನ ಬಾಕ್ಸಿಂಗ್ ಚಿತ್ರಕಥೆಯೊಂದಿದೆಯಂತೆ. 1989ರಲ್ಲಿ ಶುರುವಾದದ್ದು ಇನ್ನೂ ಮುಗಿದಿಲ್ಲ, ಸಂಪುಟಗಳು 140 ದಾಟಿವೆ. ಅದರಲ್ಲಿ ರಿಕಾರ್ಡೊ ಮಾರ್ಟಿನೆಜ್ ಎಂಬ ಸೋಲೇ ಕಾಣದ ಚಾಂಪಿಯನ್. ಅವನು ಒಟ್ಟು ಎಷ್ಟು ಪಂದ್ಯ ಗೆದ್ದಿದ್ದಾನೆ ಅನ್ನುವುದನ್ನು ಹುಡುಗ ಪುಟಪುಟ ಹುಡುಕಿ ಕೂಡಿಸುತ್ತಿದ್ದ.

"ಚಿಕ್ಕಪ್ಪ, ಇವನ ಎಷ್ಟೋ ಫೈಟು ಅವರು ಬರೆದೇ ಇಲ್ಲ. ಆದ್ರೂ ಲೆಕ್ಕಕ್ಕೆ ಐತೆ" ಅಂದ.

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಬರೆದವರೂ ನೋಡದ ಪಂದ್ಯ, ಆದರೂ ಗೆಲುವು ಗೆಲುವೇ! ನಮ್ಮ ಕಡೆ ಇದರ ತಿರುವುಮುರುವು. ಇಡೀ ಊರು ಕಣ್ಣಾರೆ ನೋಡಿದ ಕುಸ್ತಿ, ಲೆಕ್ಕ ಮಾತ್ರ ಎಲ್ಲೂ ಇಲ್ಲ.

ಮೈಸೂರು ಸೀಮೆಯ ಗರಡಿಮನೆಯ ಬಾಗಿಲು ಗಿಡ್ಡ. ಎಂಥ ಪೈಲ್ವಾನನಾದರೂ ತಲೆ ತಗ್ಗಿಸಿಯೇ ಒಳಗೆ ಹೋಗಬೇಕು. ಒಳಗೆ ಆಂಜನೇಯನ ಪಟ, ಗೋಡೆಗೆ ಒರಗಿಸಿಟ್ಟ ಗದೆ, ನಡುವೆ ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದ ಮಾಡಿದ ಕೆಮ್ಮಣ್ಣಿನ ಮಟ್ಟಿ. ಕುಸ್ತಿಗೆ ನಿಂತವರು ಹಿಡಿಮಣ್ಣು ಎತ್ತಿ ತಮ್ಮ ಮೈಗೂ ಎದುರಾಳಿಯ ಮೈಗೂ ಬಳಿಯುತ್ತಾರೆ, ಬೆವರಿಗೆ ಪಟ್ಟು ಜಾರಬಾರದು ಅಂತ. ಎದೆ, ತೋಳು, ತೊಡೆ ಎಲ್ಲ ಮಣ್ಣಾದರೂ ಸೋಲಲ್ಲ. ಎರಡೂ ಭುಜ ನೆಲಕ್ಕೆ ತಾಗಿ ಚಿತ್ ಆದರೇ ಸೋಲು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಗಾದೆಯ ತುಂಟತನ ಪೂರ್ತಿ ಹತ್ತಬೇಕಾದರೆ ಮಟ್ಟಿಯ ಪಕ್ಕ ನಿಂತು ನೋಡಬೇಕು. ಅಂಗಾತ ಬಿದ್ದವನ ಮೀಸೆಗೆ ಮಣ್ಣು ಹತ್ತುವುದಾದರೂ ಹೇಗೆ?

ಸೋಲಿಲ್ಲದ ಗಾಮಾ ಪೈಲ್ವಾನ್ 1910ರಲ್ಲಿ ಲಂಡನ್ನಿನಲ್ಲಿ ಪೋಲೆಂಡಿನ ಜ್ಬಿಷ್ಕೊ ಮೇಲೆ ಎರಡು ಗಂಟೆಗೂ ಹೆಚ್ಚು ಹೊತ್ತು ಹೆಣಗಿದರು. ಆ ಮನುಷ್ಯ ಬಹುಪಾಲು ಹೊತ್ತು ನೆಲಕ್ಕೆ ಹೊಟ್ಟೆ ಕೊಟ್ಟು ಮಲಗಿದ, ಬೆನ್ನು ಕೊಡಲಿಲ್ಲ. ಕುಸ್ತಿ ಸಮ. ಮತ್ತೆ ಇಬ್ಬರೂ ಎದುರಾದದ್ದು 1928ರಲ್ಲಿ, ಪಟಿಯಾಲದಲ್ಲಿ. ಆಗ ಒಂದು ನಿಮಿಷವೂ ಹಿಡಿಯಲಿಲ್ಲ. ಹದಿನೆಂಟು ವರ್ಷದ ಬಾಕಿ ತೀರಿದ್ದು ಹಾಗೆ.

ಆದರೆ ನನಗೆ ಬೆರಗು ಇವರ ಬಗ್ಗೆ ಅಲ್ಲ, ತಿರುಚಿನಾಪಳ್ಳಿಯವನ ಬಗ್ಗೆ. 1638ರಲ್ಲಿ ಪಟ್ಟಕ್ಕೆ ಬಂದ ರಣಧೀರ ಕಂಠೀರವ ನರಸರಾಜ ಒಡೆಯರ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ತಿರುಚಿನಾಪಳ್ಳಿಯಲ್ಲಿ ಎದುರಾಳಿಯೇ ಇಲ್ಲದ ಜಟ್ಟಿಯೊಬ್ಬ ತನ್ನ ಚಡ್ಡಿಯನ್ನು ಊರಬಾಗಿಲಿಗೆ ಕಟ್ಟಿಸಿದ್ದನಂತೆ, ಬಂದವರೆಲ್ಲ ಅದರ ಕೆಳಗೇ ನುಸುಳಿ ಹೋಗಲಿ ಅಂತ. ಕಂಠೀರವರು ವೇಷ ಮರೆಸಿಕೊಂಡು ಹೋಗಿ ಅವನನ್ನು ಗೆದ್ದು, ಗುರುತು ಹೇಳದೆ ಮರಳಿದರಂತೆ. ಇವತ್ತಿಗೂ ಮೈಸೂರಿನ ದಸರಾ ಕುಸ್ತಿಯಲ್ಲಿ 'ದಸರಾ ಕಂಠೀರವ' ಎಂಬ ಬಿರುದಿದೆ.

ಆ ಜಟ್ಟಿ? ಚಡ್ಡಿ ಕಟ್ಟಿಸುವಷ್ಟು ಸೊಕ್ಕು ಒಂದೆರಡು ಗೆಲುವಿಗೆ ಬರುವಂಥದ್ದಲ್ಲ. ಎಷ್ಟು ವರ್ಷ, ಎಷ್ಟು ಊರು, ಎಷ್ಟು ಜನರ ಬೆನ್ನಿಗೆ ಮಣ್ಣು ಹಚ್ಚಿದ್ದನೋ! ಅಷ್ಟೂ ಹೋಯಿತು. ಸೋತ ಒಂದು ದಿನದಿಂದಲೇ ಅವನು ನಮಗೆ ಗೊತ್ತು. ಆ ದಿನವೂ ಗೆದ್ದಿದ್ದರೆ ಈ ಕಾವೇರಿ ದಂಡೆಯಲ್ಲಿ ಕೂತು ನಾನು ಅವನನ್ನು ನೆನೆಯುತ್ತಲೇ ಇರಲಿಲ್ಲ.

ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಅವನು ನೋಟ್‌ಬುಕ್ಕಿನ ಕೊನೆಯ ಹಾಳೆ ತಿರುಗಿಸಿ, ಮಾರ್ಟಿನೆಜನಿಗೆ ಹಾಕಿದಂತೆಯೇ ಗೀಟು ಹಾಕಿದ. ಊರು: ತಿರುಚಿನಾಪಳ್ಳಿ. ಸೋಲು: 1. ಹೆಸರಿನ ಮನೆಯನ್ನೂ ಗೆಲುವಿನ ಮನೆಯನ್ನೂ ಖಾಲಿ ಬಿಟ್ಟ.