ಮೊದಲು ಯಾರಿಗೆ ಹೇಳಬೇಕು?

ಇತರರ ಬಗ್ಗೆ ತೀರ್ಪು ನೀಡಬಾರದೆಂಬ ಪ್ರಭು ಯೇಸುವಿನ ಬೋಧನೆ ಎರಡು ಸಂದರ್ಭಗಳಲ್ಲಿ ನಮಗೆ ತಪ್ಪದೆ ನೆನಪಾಗುತ್ತದೆ. ನಮ್ಮ ಮನೆಯವರ ತಪ್ಪನ್ನು ಯಾರಾದರೂ ಎತ್ತಿ ಆಡಿದಾಗ ಒಮ್ಮೆ. ಪ್ರಭಾವಿಗಳೊಬ್ಬರ ತಪ್ಪು ಹೊರಬೀಳುವ ಸೂಚನೆ ಕಂಡಾಗ ಇನ್ನೊಮ್ಮೆ. ಭಾನುವಾರದ ಬಲಿಪೂಜೆ ಮುಗಿದು ದೇವಾಲಯದ ಅಂಗಳದಲ್ಲಿ ನಿಂತಾಗ, ಯಾರ ಮಗಳು ಯಾರನ್ನು ಮದುವೆಯಾದಳು, ಯಾರು ಪರಮಪ್ರಸಾದಕ್ಕೆ ಏಳದೆ ಕುಳಿತಲ್ಲೇ ಉಳಿದರು, ಕಾರಣವೇನಿರಬಹುದು ಎಂಬ ವಿಚಾರಣೆ ನಡೆಯುವಾಗ ಮಾತ್ರ ಅದು ಯಾರಿಗೂ ನೆನಪಾಗುವುದಿಲ್ಲ.

ಆ ಬೋಧನೆಯನ್ನು ಪೂರ್ತಿಯಾಗಿ ಓದುವುದು ಲೇಸು. ಮತ್ತಾಯನ ಶುಭಸಂದೇಶದ 7ನೆಯ ಅಧ್ಯಾಯದಲ್ಲಿ ಯೇಸು, ಸಹೋದರನ ಕಣ್ಣಿನ ರವೆಯನ್ನು ಅಲ್ಲಿಯೇ ಬಿಟ್ಟುಬಿಡಬೇಕೆಂದು ಹೇಳಲಿಲ್ಲ. ತನ್ನ ಕಣ್ಣಿನ ತೊಲೆಯನ್ನು ಮೊದಲು ತೆಗೆದವನಿಗೆ ಆ ರವೆಯನ್ನು ತೆಗೆಯುವಷ್ಟು ದೃಷ್ಟಿ ಬರುತ್ತದೆಂದರು. ಬಡಗಿಯ ಮನೆಯಲ್ಲಿ ಬೆಳೆದವರಿಗೆ ಮರದ ಪುಡಿ ಕಣ್ಣಿಗೆ ಬಿದ್ದಾಗಿನ ನೋವು ಗೊತ್ತಿರದೇ ಇದ್ದೀತೇ? ಅದನ್ನು ತೆಗೆಯುವುದು ಉಪಕಾರ. ಬೀದಿಯಲ್ಲಿ ನಿಂತು, ಇಗೋ ಇವನ ಕಣ್ಣಿನಲ್ಲಿ ರವೆಯಿದೆ ಎಂದು ಕೂಗಿದರೆ ಅವನ ನೋವು ಕಡಿಮೆಯಾಗುವುದಿಲ್ಲ.

ಆದಿಸಭೆಯೂ ಈ ಇಕ್ಕಟ್ಟನ್ನು ಎದುರಿಸಿತ್ತು. ಕೊರಿಂಥವು ಎರಡು ರೇವುಗಳ ನಡುವೆ ಬೆಳೆದ ವ್ಯಾಪಾರದ ಪಟ್ಟಣ. ಸುಮಾರು ಕ್ರಿ.ಶ. 55ರಲ್ಲಿ ಸಂತ ಪೌಲರು ಅಲ್ಲಿನ ಸಭೆಗೆ ಬರೆದ ಮೊದಲನೆಯ ಪತ್ರದ 5ನೆಯ ಅಧ್ಯಾಯದಲ್ಲಿ ಒಂದು ಪ್ರಕರಣವಿದೆ. ವಿಶ್ವಾಸಿಯೊಬ್ಬನು ತನ್ನ ತಂದೆಯ ಹೆಂಡತಿಯೊಡನೆ ಬಾಳುತ್ತಿದ್ದನು. ಅವನನ್ನು ಸಭೆಯಿಂದ ಹೊರಗಿಡುವಂತೆ ಪೌಲರು ನಿಷ್ಠುರವಾಗಿಯೇ ಬರೆದರು. ಅದೂ ಅವನ ಆತ್ಮದ ರಕ್ಷಣೆಗಾಗಿ. ಆದರೆ ಅವರ ಕೋಪದ ಹೆಚ್ಚಿನ ಪಾಲು ಎರಗಿದ್ದು ಆ ಒಬ್ಬನ ಮೇಲಲ್ಲ, ಅಳಬೇಕಾದ ಕಡೆ ಬೀಗುತ್ತಿದ್ದ ಸಭೆಯ ಮೇಲೆ. ಹೊರಗಿನವರ ವಿಚಾರಣೆ ದೇವರಿಗೆ ಸೇರಿದ್ದು, ಸಭೆಯ ಹೊಣೆ ತನ್ನೊಳಗಿನವರ ಬಗ್ಗೆ ಎಂಬುದನ್ನೂ ಅವರು ಅಲ್ಲಿಯೇ ಸ್ಪಷ್ಟಪಡಿಸಿದರು. ನಾವೋ ಇದನ್ನು ತಿರುವುಮುರುವು ಮಾಡಿಕೊಂಡಿದ್ದೇವೆ. ನೆರೆಯ ಅನ್ಯಧರ್ಮೀಯರ ನಡತೆಯನ್ನು ಧಾರಾಳವಾಗಿ ಅಳೆಯುತ್ತೇವೆ. ನಮ್ಮದೇ ಧರ್ಮಕೇಂದ್ರದ ಲೆಕ್ಕಪತ್ರದ ಬಗ್ಗೆ ಯಾರಾದರೂ ಪ್ರಶ್ನೆ ಎತ್ತಿದರೆ, ತೀರ್ಪು ನೀಡಲು ನಾವು ಯಾರು ಎನ್ನುತ್ತೇವೆ.

ಎರಡನೆಯ ಪತ್ರದಲ್ಲಿ ಸಭೆಯಿಂದ ಶಿಕ್ಷೆಗೊಳಗಾದ ಒಬ್ಬನ ಪ್ರಸ್ತಾಪ ಬರುತ್ತದೆ. ಅವನೇ ಇವನೆಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಯಾರೇ ಆಗಿರಲಿ, ಅವನಿಗೆ ಆದದ್ದು ಸಾಕು, ಇನ್ನು ಅವನನ್ನು ಕ್ಷಮಿಸಿ ಸಂತೈಸದಿದ್ದರೆ ದುಃಖದಲ್ಲಿ ಮುಳುಗಿಹೋದಾನು ಎಂದು ಪೌಲರು ಕಳವಳಪಡುತ್ತಾರೆ. ಶಿಕ್ಷೆಗೆ ಅಲ್ಲಿ ಒಂದು ಕೊನೆಯಿತ್ತು. ನಮ್ಮ ಅಂಗಳದ ತೀರ್ಪಿಗೆ ಕೊನೆಯೇ ಇಲ್ಲ. ಹತ್ತು ವರ್ಷದ ಹಿಂದೆ ಕುಡಿತ ಬಿಟ್ಟವನು ಇಂದಿಗೂ ಕುಡುಕನೇ. ಅವನ ಮಗಳನ್ನು ನೋಡಲು ಬರುವವರ ಕಿವಿಗೆ ಆ ಹಳೆಯ ಸುದ್ದಿಯನ್ನು ಯಾರೋ ಮೊದಲೇ ಮುಟ್ಟಿಸಿರುತ್ತಾರೆ.

ಹೀಗೆ ಮುಟ್ಟಿಸಿದವರನ್ನು ಕೇಳಿದರೆ, ಇದ್ದದ್ದನ್ನೇ ಹೇಳಿದೆವು ಎನ್ನುತ್ತಾರೆ. ಇದು ಸಮರ್ಥನೆಯಾಗದು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥವು ಎಂಟನೆಯ ಕಟ್ಟಳೆಯನ್ನು ವಿವರಿಸುವಾಗ (ಸಂಖ್ಯೆ 2477) ಸುಳ್ಳು ಆರೋಪವನ್ನು ಮಾತ್ರವಲ್ಲ, ಒಬ್ಬರ ನಿಜವಾದ ದೋಷವನ್ನೇ ತಕ್ಕ ಕಾರಣವಿಲ್ಲದೆ ಅರಿಯದವರಿಗೆ ತಿಳಿಸುವುದನ್ನೂ ಪಾಪವೆಂದು ಎಣಿಸುತ್ತದೆ.

ಹಾಗಾದರೆ ಯಾರಿಗೆ ತಿಳಿಸಬೇಕು? ಮತ್ತಾಯನ 18ನೆಯ ಅಧ್ಯಾಯ ಒಂದು ಕ್ರಮವನ್ನು ತೋರುತ್ತದೆ. ಮೊದಲು ತಪ್ಪಿದವನಿಗೇ, ಏಕಾಂತದಲ್ಲಿ, ಆಮೇಲೆ ಒಬ್ಬಿಬ್ಬರ ಸಮ್ಮುಖದಲ್ಲಿ, ಕೊಟ್ಟಕೊನೆಗೆ ಸಭೆಗೆ. ನಮ್ಮಲ್ಲಿ ಮೊದಲು ಊರಿಗೆ ತಿಳಿಯುತ್ತದೆ, ನಂತರ ಗುರುಗಳಿಗೆ, ಎಲ್ಲರಿಗಿಂತ ಕೊನೆಗೆ ಅವನಿಗೆ. ತಪ್ಪಿದವನನ್ನು ಎದುರಿಸಿ ಹೇಳುವುದಕ್ಕೆ ಧೈರ್ಯ ಬೇಕು, ಅವನ ಬಗ್ಗೆ ಅಕ್ಕರೆಯೂ ಬೇಕು. ಬೆನ್ನ ಹಿಂದೆ ಆಡಲು ಇವೆರಡೂ ಬೇಕಿಲ್ಲ.

ಆದರೆ ಏಕಾಂತದ ಈ ಮೊದಲ ಹೆಜ್ಜೆಯನ್ನು ಎಲ್ಲರ ಮೇಲೂ ಹೇರಲಾಗದು. ಅದೇ ಅಧ್ಯಾಯದ ಆರಂಭದಲ್ಲಿ, ಈ ಕಿರಿಯರಲ್ಲೊಬ್ಬರನ್ನು ಎಡವಿಸುವವನಿಗೆ ಬೀಸುವ ಕಲ್ಲನ್ನು ಕೊರಳಿಗೆ ಕಟ್ಟಿ ಸಮುದ್ರಕ್ಕೆ ಎಸೆಯುವುದೇ ಮೇಲೆಂಬ ಉಗ್ರವಾದ ಎಚ್ಚರಿಕೆಯಿದೆ. ಲೈಂಗಿಕ ದೌರ್ಜನ್ಯಕ್ಕೆ ಸಿಕ್ಕಿದ ಮಗುವಿಗೆ, ಮೊದಲು ಹೋಗಿ ಅವರೊಡನೆ ಮಾತಾಡು ಎನ್ನುವುದು ಕ್ರೌರ್ಯ. 2012ರ ಪೋಕ್ಸೊ ಕಾಯಿದೆಯ 19ನೆಯ ಕಲಮಿನ ಪ್ರಕಾರ ಅಂಥ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಪೋಪ್ ಫ್ರಾನ್ಸಿಸರು 2019ರಲ್ಲಿ ಹೊರಡಿಸಿ 2023ರಲ್ಲಿ ಕಾಯಂಗೊಳಿಸಿದ ನಿಯಮಗಳು, ಇಂಥದ್ದನ್ನು ಧರ್ಮಸಭೆಯ ಅಧಿಕಾರಿಗಳಿಗೆ ತಡಮಾಡದೆ ವರದಿ ಮಾಡುವ ಹೊಣೆಯನ್ನು ಗುರುಗಳ ಮತ್ತು ಧಾರ್ಮಿಕರ ಮೇಲೆ ಹೊರಿಸಿವೆ. ಇಲ್ಲಿ ಮಾತನಾಡುವುದೇ ಕರ್ತವ್ಯ, ಅದೂ ಹೊಣೆಯುಳ್ಳವರ ಮುಂದೆ. ಆದರೂ ದೂರು ಹೊತ್ತು ಬಂದ ತಾಯಿಗೆ, ತೀರ್ಪು ನೀಡುವುದು ದೇವರಿಗೆ ಸೇರಿದ್ದಮ್ಮಾ ಎಂದು ಬುದ್ಧಿ ಹೇಳಿ ಕಳುಹಿಸಿದವರೇ, ಅವಳು ಠಾಣೆಯ ಮೆಟ್ಟಿಲು ಹತ್ತಿದ ಮೇಲೆ ಅವಳ ನಡತೆಯ ಬಗ್ಗೆ ಅಂಗಳದಲ್ಲಿ ತೀರ್ಪು ಕೊಡುವುದುಂಟು.